ಧಾತು-ಈಶ್ವರದ ಬರವೂ ಖಾನೇಷುಮಾರಿಯ ಲೆಕ್ಕವೂ

ಅಂಕಿ-ಅಂಶಗಳನ್ನು ಆಧರಿಸುವ ಪರಿಮಾಣಾತ್ಮಕ ವಿಧಾನ, ವರ್ಣನೆ ಸಾಕ್ಷ್ಯ ಸ್ಮರಣೆಗಳನ್ನು ಆಧರಿಸುವ ಗುಣಾತ್ಮಕ ವಿಧಾನ, ಇವೆರಡರಲ್ಲಿ ಯಾವುದು ಹೆಚ್ಚು ನಂಬಲರ್ಹವೆಂದು ವಿದ್ಯಾರ್ಥಿಗಳು ನಮ್ಮನ್ನು ಆಗಾಗ ಕೇಳುವುದುಂಟು. ಇದನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ಪ್ರಸಂಗಕ್ಕೆ ಒರೆಹಚ್ಚಿ ನೋಡುವುದು ಲೇಸು. ಅದಕ್ಕೆಂದು 1876-78ರಲ್ಲಿ, ಇನ್ನೂ ಬ್ರಿಟಿಷ್ ಕಮಿಷನ್ನಿನ ಆಡಳಿತದಲ್ಲಿದ್ದ ಮೈಸೂರು ಸೀಮೆಯನ್ನು ಪೀಡಿಸಿದ ಮಹಾಕ್ಷಾಮವನ್ನು ಆರಿಸಿಕೊಂಡಿದ್ದೇವೆ.

1871ರ ಖಾನೇಷುಮಾರಿಯಂತೆ ಮೈಸೂರಿನ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ವ್ಯತ್ಯಾಸ 8,69,224, ಎಂದರೆ ಶೇಕಡ 17ಕ್ಕೂ ಮಿಗಿಲು. ಇಷ್ಟು ಜನ ಕ್ಷಾಮದಲ್ಲಿ ಸತ್ತರೆಂದು ಬರೆದುಬಿಡುವುದು ಸುಲಭ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಹೀಗೆ ಬರೆದುದನ್ನು ನಾವು ಕಂಡೂ ಇದ್ದೇವೆ. ಆದರೆ ಈ ಸಂಖ್ಯೆ ಹೆಣಗಳನ್ನು ಎಣಿಸಿ ಬಂದುದಲ್ಲ, ಎರಡು ಮೊತ್ತಗಳನ್ನು ಕಳೆದು ಬಂದುದು. ಊರು ಬಿಟ್ಟು ಹೋಗಿ ಮರಳಿ ಬಾರದವರೂ, ತಾಯಂದಿರ ನಿತ್ರಾಣದಿಂದ ಹುಟ್ಟದೆಯೇ ಉಳಿದ ಶಿಶುಗಳೂ ಇದರೊಳಗೆ ಅಡಗಿದ್ದಾರೆ. ಇನ್ನೊಂದೆಡೆ, 1871ರಿಂದ ಬರ ತಲೆದೋರುವವರೆಗಿನ ವರ್ಷಗಳಲ್ಲಿ ಜನಸಂಖ್ಯೆ ಬೆಳೆದಿದ್ದರೆ, ಆ ಬೆಳವಣಿಗೆಯೂ ಕ್ಷಾಮದಲ್ಲಿ ಕರಗಿಹೋಗಿ ಲೆಕ್ಕಕ್ಕೆ ಸಿಗದಾಗಿದೆ. ನಿಜವಾದ ಸಾವಿನ ಸಂಖ್ಯೆ ಇದಕ್ಕಿಂತ ಕಡಮೆಯೂ ಇರಬಹುದು, ಹೆಚ್ಚೂ ಇರಬಹುದು. ಮೊತ್ತಗಳು ಮಾತ್ರ ಅದನ್ನು ತೀರ್ಮಾನಿಸಲಾರವು.

ಹಾಗಾದರೆ ವರ್ಣನೆಗಳ ಮೊರೆಹೋಗೋಣವೇ? ಮೈಸೂರಿನ ಕ್ಷಾಮ ಕಮಿಷನರಾಗಿದ್ದ ಸಿ. ಎ. ಎಲಿಯಟ್ ಬರೆದ ವರದಿಯಿದೆ. ಮದರಾಸಿನ ಪತ್ರಿಕಾ ಸಂಪಾದಕ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ಗ್ರಂಥವಿದೆ. ಒಬ್ಬರು ಪರಿಹಾರಕಾರ್ಯ ನಡೆಸಿದ ಅಧಿಕಾರಿ, ಇನ್ನೊಬ್ಬರು ಸರಕಾರದ ನೀತಿಯನ್ನು ವಿಮರ್ಶಿಸಿದ ಪತ್ರಕರ್ತರು. ಕಣ್ಣಾರೆ ಕಂಡವರ ಮಾತೆಂಬ ಮಾತ್ರಕ್ಕೆ ಅದು ನಿಷ್ಪಕ್ಷಪಾತವಾಗದೆಂಬುದನ್ನು ಇಲ್ಲಿ ನೆನೆಯಬೇಕು.

ಆದರೂ ಕಂಡವರ ಮಾತಿಗೆ ಬೆಲೆ ಎಲ್ಲಿದೆಯೆಂಬುದನ್ನು ನೆರೆಯ ಮದರಾಸು ಪ್ರಾಂತ್ಯದ ಒಂದು ವಿವಾದ ತೋರಿಸುತ್ತದೆ. 1877ರ ಆದಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರಕಾರ್ಯದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅರ್ಧ ಆಣೆಗೆ ಇಳಿಸಿದರು. ಪ್ರಾಂತ್ಯದ ಆರೋಗ್ಯಾಧಿಕಾರಿ ಡಾ. ಕಾರ್ನಿಷ್, ಅಷ್ಟರಿಂದ ದುಡಿಯುವ ದೇಹ ಉಳಿಯದೆಂದು ಪ್ರತಿಭಟಿಸಿದರು. ಕಾಗದದ ಮೇಲೆ ಒಂದು ಪೌಂಡು ಸ್ಪಷ್ಟವಾದ ಅಂಕಿಯೇ. ಆ ಅಂಕಿ ಏನನ್ನು ಅಳೆಯುತ್ತದೆ, ಬೊಕ್ಕಸದ ಉಳಿತಾಯವನ್ನೋ ಮನುಷ್ಯನ ಹಸಿವನ್ನೋ ಎಂಬುದು ಕೂಲಿಕಾರನ ಮೈಯನ್ನು ನೋಡದೆ ತಿಳಿಯುವಂಥದಲ್ಲ.

ಬರದ ಹೆಸರನ್ನೇ ಗಮನಿಸಿ. ಜನ ಇದನ್ನು ಧಾತು-ಈಶ್ವರದ ಬರವೆಂದು ಕರೆದರು. ಧಾತು ಸಂವತ್ಸರ 1876ರ ಯುಗಾದಿಯಿಂದ, ಈಶ್ವರ ಸಂವತ್ಸರ 1877ರ ಯುಗಾದಿಯಿಂದ ಮೊದಲಾಗುತ್ತವೆ. ಬರ ಒಂದು ವರ್ಷಕ್ಕೆ ತೀರಲಿಲ್ಲ, ಯುಗಾದಿಯನ್ನು ದಾಟಿ ಬೆನ್ನುಹತ್ತಿತೆಂಬ ಅನುಭವ ಆ ಜೋಡಿ ಹೆಸರಿನಲ್ಲಿ ಹೆಪ್ಪುಗಟ್ಟಿದೆ. ಖಾನೇಷುಮಾರಿಯಾದರೋ ಹತ್ತು ವರ್ಷಗಳನ್ನು ಒಂದೇ ಮೊತ್ತದಲ್ಲಿ ಮುಚ್ಚಿಟ್ಟಿದೆ. ಎಷ್ಟು ಜನ ಎಂಬುದಕ್ಕೆ ಹೆಸರಿನಲ್ಲಿ ಉತ್ತರವಿಲ್ಲ, ನಿಜ. ಯಾವಾಗ ಎಂಬುದಕ್ಕೆ ಮೊತ್ತದಲ್ಲಿ ಉತ್ತರವಿಲ್ಲ.

ಕೋಲಾರ, ತುಮಕೂರು, ಚಿತ್ರದುರ್ಗಗಳಂಥ ಬಯಲುಸೀಮೆಯ ಜಿಲ್ಲೆಗಳು ಬಹಳ ನೊಂದವು. ಮಲೆನಾಡಿಗೆ ಬರ ಅಷ್ಟಾಗಿ ತಟ್ಟಲಿಲ್ಲ. ಮಲೆನಾಡಿನ 1881ರ ಅಂಕಿಯಲ್ಲಿ ಅಲ್ಲಿಯೇ ಹುಟ್ಟಿದವರೆಷ್ಟು, ಕೂಳು ಹುಡುಕಿ ಘಟ್ಟದ ಕಡೆ ನಡೆದು ಬಂದವರೆಷ್ಟು? ಜನ್ಮಸ್ಥಳ ಮತ್ತು ವಯಸ್ಸಿನ ಪಟ್ಟಿಗಳನ್ನು ಊರಿನ ಕಂದಾಯದ ಕಡತಗಳೊಡನೆ, ಮನೆತನಗಳು ಹೇಳಿಕೊಂಡು ಬಂದ ವಲಸೆಯ ಕಥೆಗಳೊಡನೆ ಕೂಡಿಸಿ ಓದುವ ಕೆಲಸವನ್ನು ಒಂದೆರಡು ತಾಲ್ಲೂಕುಗಳಲ್ಲಾದರೂ ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದಾಗಿದೆ.