ಕ್ಯಾಮೆರಾ ಕಥೆ: 83 ಎಕ್ಸ್ ದೊಡ್ಡದಾ, 24 ಎಕ್ಸ್ ದೊಡ್ಡದಾ?

(1/7)
ನಮ್ಮ ಕ್ಲಾಸಿನ ಒಬ್ಬ ಎರಡು ಬೇಸಿಗೆ ರಜೆ ಪೂರ್ತಿ ಮದುವೆ ಮನೆಗಳಲ್ಲಿ ಬಡಿಸೋ ಕೆಲಸಕ್ಕೆ ಹೋಗಿ ದುಡ್ಡು ಕೂಡಿಟ್ಟಿದ್ದಾನೆ. ಮಲೆನಾಡಿನ ಹುಡುಗ. ತೇಜಸ್ವಿಯವರ ಹಕ್ಕಿ ಪುಸ್ತಕ ಓದಿ ಹುಚ್ಚು ಹಿಡಿಸಿಕೊಂಡವನು. ಮೊನ್ನೆ ಮೆಸೇಜ್ ಹಾಕಿದ: "ಮಗಾ, ಎರಡು ಸೆಕೆಂಡ್ ಹ್ಯಾಂಡ್ ಬ್ರಿಡ್ಜ್ ಕ್ಯಾಮೆರಾ ನೋಡಿದೀನಿ. ಒಂದು ಪ್ಯಾನಸೋನಿಕ್ ಎಫ್‌ಝಡ್200, ಬರೀ 24 ಎಕ್ಸ್ ಝೂಮ್. ಇನ್ನೊಂದು ನಿಕಾನ್ ಪಿ900, 83 ಎಕ್ಸ್. ಸ್ವಲ್ಪ ಜಾಸ್ತಿ ಕೊಟ್ಟು 83 ತಗೊಂಡ್ಬಿಡ್ಲಾ?"

ಒಂದೇ ಸಾಲಲ್ಲಿ ಉತ್ತರ ಹೇಳಬಹುದಿತ್ತು. ಆದ್ರೆ ಈ ನಂಬರ್‌ಗಳು ಎಲ್ಲಿಂದ ಬಂದವು ಅಂತ ಗೊತ್ತಾದ್ರೆ ಮುಂದೆ ಯಾವ ಅಂಗಡಿಯವನೂ ನಿಮ್ಮನ್ನ ಯಾಮಾರಿಸೋಕೆ ಆಗಲ್ಲ. ಹಾಗಾಗಿ ಈ ಸಲದ ಕಥೆ ಇದೇ. ಸ್ವೈಪ್ ಮಾಡ್ತಾ ಬನ್ನಿ.

(2/7)
1980ರ ದಶಕ, ಫಿಲ್ಮ್ ಕಾಲ. ಒಂದು ಕಡೆ ಜೇಬಿನ ಕಾಂಪ್ಯಾಕ್ಟ್ ಕ್ಯಾಮೆರಾ: ನೋಡು, ಒತ್ತು, ಮುಗೀತು. ಇನ್ನೊಂದು ಕಡೆ ಎಸ್‌ಎಲ್‌ಆರ್: ಲೆನ್ಸ್ ಬದಲಾಯಿಸಬಹುದು, ಆದ್ರೆ ಅದಕ್ಕೆ ತಕ್ಕ ಬ್ಯಾಗು, ತಕ್ಕ ಖರ್ಚು. 1988ರಲ್ಲಿ ಜಪಾನಿನ ಕಂಪನಿಗಳು ಇವೆರಡರ ಮಧ್ಯದ ಕ್ಯಾಮೆರಾಗಳನ್ನ ಮಾರುಕಟ್ಟೆಗೆ ಬಿಟ್ಟವು. ರಿಕೋ ಮಿರಾಯ್, ಚಿನಾನ್ ಜೆನೆಸಿಸ್, ಒಲಿಂಪಸ್ ಎಝಡ್-300. ಲೆನ್ಸ್ ಬಾಡಿಗೇ ಸೇರಿಕೊಂಡಿರತ್ತೆ, ಬಿಚ್ಚೋ ಹಾಗಿಲ್ಲ, ಆದ್ರೆ ಝೂಮ್ ಆಗತ್ತೆ. ಎರಡು ದಡದ ನಡುವಿನ ಸೇತುವೆ, ಅದಕ್ಕೇ 'ಬ್ರಿಡ್ಜ್'.

ಮಿರಾಯ್‌ನ ಲೆನ್ಸ್ 35ರಿಂದ 135 ಮಿ.ಮೀ. ಉದ್ದದ ತುದಿಯನ್ನ ಗಿಡ್ಡ ತುದಿಯಿಂದ ಭಾಗಿಸಿ: 4 ಎಕ್ಸ್ ಕೂಡ ಇಲ್ಲ. 'ಎಕ್ಸ್' ಅಂದ್ರೆ ಈ ಭಾಗಾಕಾರ ಅಷ್ಟೇ. ಯಾಕಿಷ್ಟು ಕಡಿಮೆ? ಯಾವ ಕ್ಯಾಮೆರಾ ಆದ್ರೂ ಒಳಗಿರೋದು ಅದೇ 36×24 ಮಿ.ಮೀ. ಫಿಲ್ಮ್ ಚೌಕಟ್ಟು. ಅಷ್ಟು ಜಾಗ ತುಂಬೋ ಉದ್ದದ ಝೂಮ್ ಮಾಡಿದ್ರೆ ಕ್ಯಾಮೆರಾನ ಹೊರೋಕೆ ಇನ್ನೊಬ್ಬ ಬೇಕಾಗ್ತಿದ್ದ.

(3/7)
ಡಿಜಿಟಲ್ ಬಂದ್ಮೇಲೆ ಈ ಕಟ್ಟು ಸಡಿಲ ಆಯ್ತು. ಫಿಲ್ಮ್ ಜಾಗದಲ್ಲಿ ಸೆನ್ಸರ್, ಅದೂ ಉಗುರಿಗಿಂತ ಚಿಕ್ಕದು. ಸೆನ್ಸರ್ ಚಿಕ್ಕದಾದ್ರೆ ಲೆನ್ಸೂ ಚಿಕ್ಕದಾಗಬಹುದು. 2000ದಲ್ಲಿ ಬಂದ ಒಲಿಂಪಸ್ ಸಿ-2100 ಅಲ್ಟ್ರಾ ಝೂಮ್ ಬರೀ 2 ಮೆಗಾಪಿಕ್ಸೆಲ್, ಆದ್ರೆ 10 ಎಕ್ಸ್. ಕೈ ನಡುಗಿದ್ರೂ ಚಿತ್ರ ಅಲುಗದ ಹಾಗೆ ಲೆನ್ಸಲ್ಲೇ ಸ್ಟೆಬಿಲೈಸೇಷನ್. ಫಿಲ್ಮ್ ಲೆಕ್ಕದಲ್ಲಿ 380 ಮಿ.ಮೀ. ದೂರ ನೋಡ್ತಿತ್ತು.

ಇಲ್ಲೇ ಒಂದು ಒಪ್ಪಂದ ಆಗಿಹೋಯ್ತು, ಯಾರೂ ಜೋರಾಗಿ ಹೇಳಲಿಲ್ಲ: ದೂರ ಬೇಕಾ? ಸೆನ್ಸರ್ ಚಿಕ್ಕದು ಮಾಡ್ತೀವಿ. ಸೆನ್ಸರ್ ಚಿಕ್ಕದಾದ್ರೆ ಅದರ ಮೇಲೆ ಬೀಳೋ ಬೆಳಕೂ ಕಡಿಮೆ. ಬಿಸಿಲಲ್ಲಿ ಗೊತ್ತಾಗಲ್ಲ. ಸಂಜೆ ಗೊತ್ತಾಗತ್ತೆ.

(4/7)
2002ರಲ್ಲಿ ಪ್ಯಾನಸೋನಿಕ್ ಎಫ್‌ಝಡ್1 ಬಂತು. 12 ಎಕ್ಸ್, ಲೈಕಾ ಹೆಸರಿನ ಲೆನ್ಸ್. ಅದರ ನಿಜವಾದ ಹೆಚ್ಚುಗಾರಿಕೆ ಬೇರೆ: ಪೂರ್ತಿ ಝೂಮ್ ಮಾಡಿದ್ರೂ ಅಪರ್ಚರ್ ಎಫ್ 2.8ರಲ್ಲೇ ಇರ್ತಿತ್ತು. ಅಂದ್ರೆ ಬೆಳಕಿನ ಕಿಟಕಿ ಮುಚ್ಚಿಕೊಳ್ತಿರಲಿಲ್ಲ.

ಆಮೇಲೆ ಮೆಗಾಪಿಕ್ಸೆಲ್ ಓಟ ಶುರು. 2, 4, 5, 8, 10... 2005ರ ಎಫ್‌ಝಡ್30 ಹೊತ್ತಿಗೆ ಆ ಎಫ್ 2.8 ಕೈಬಿಟ್ಟುಹೋಗಿತ್ತು. ಪುಟ್ಟ ಸೆನ್ಸರ್ ಮೇಲೆ ಚುಕ್ಕಿಗಳನ್ನ ತುರುಕಿ ತುರುಕಿ ಕತ್ತಲಲ್ಲಿ ಫೋಟೋ ತುಂಬಾ ಬಣ್ಣದ ಮರಳು ಚೆಲ್ಲಿದ ಹಾಗೆ ಕಾಣ್ತಿತ್ತು.

ನನಗೆ ತುಂಬಾ ಇಷ್ಟವಾದ ವರ್ಷ 2011. ಆ ವರ್ಷ ಎರಡು ಕಂಪನಿಗಳು ಹಿಂದೆ ಹೆಜ್ಜೆ ಇಟ್ಟವು. ಕ್ಯಾನನ್ ಎಸ್‌ಎಕ್ಸ್30ರಲ್ಲಿ 14 ಮೆಗಾಪಿಕ್ಸೆಲ್ ಇತ್ತು, ಮುಂದಿನ ಎಸ್‌ಎಕ್ಸ್40ರಲ್ಲಿ 12. ಪ್ಯಾನಸೋನಿಕ್ ಎಫ್‌ಝಡ್100ರಲ್ಲಿ 14, ಮುಂದಿನ ಎಫ್‌ಝಡ್150ರಲ್ಲಿ 12. ಹೊಸ ಮಾಡೆಲ್‌ನಲ್ಲಿ ನಂಬರ್ ಕಡಿಮೆ! 2012ರ ಎಫ್‌ಝಡ್200ರಲ್ಲಿ ಎಫ್ 2.8 ಕೂಡ ವಾಪಸ್ ಬಂತು, ಅದೂ 25ರಿಂದ 600 ಮಿ.ಮೀ. ತನಕ. ನಮ್ಮ ಹುಡುಗ ಬೇಡ ಅಂತಿರೋ 'ಬರೀ 24 ಎಕ್ಸ್' ಇದೇ.

(5/7)
ಮೆಗಾಪಿಕ್ಸೆಲ್ ಓಟ ನಿಧಾನ ಆಯ್ತು, ಝೂಮ್ ಓಟ ಜೋರಾಯ್ತು. 2012ರಲ್ಲಿ ಕ್ಯಾನನ್ ಎಸ್‌ಎಕ್ಸ್50, 50 ಎಕ್ಸ್. 2015ರಲ್ಲಿ ನಿಕಾನ್ ಪಿ900, 83 ಎಕ್ಸ್, 2000 ಮಿ.ಮೀ. 2018ರಲ್ಲಿ ಪಿ1000, 125 ಎಕ್ಸ್, 3000 ಮಿ.ಮೀ., ತೂಕ 1.4 ಕೆ.ಜಿ. ಎತ್ತಿಕೊಂಡು ಓಡಾಡಲಿ ಅಂತ ಹುಟ್ಟಿದ ಜಾತಿ ಎಲ್ಲಿಗೆ ಬಂದು ನಿಂತಿತು ನೋಡಿ.

ಪಿ900ರಲ್ಲಿ ಚಂದ್ರನನ್ನ ಝೂಮ್ ಮಾಡೋ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಅವು ಸುಳ್ಳಲ್ಲ. ಆದ್ರೆ ಚಂದ್ರನ ಮೇಲೆ ನೇರ ಬಿಸಿಲು ಬಿದ್ದಿರತ್ತೆ, ಅವನು ರೆಕ್ಕೆ ಬಡಿಯಲ್ಲ. ಪಿ900ರ ಝೂಮ್ ಪೂರ್ತಿ ಚಾಚಿದಾಗ ಅಪರ್ಚರ್ ಎಫ್ 6.5. ಎಫ್ 2.8ಕ್ಕೆ ಹೋಲಿಸಿದ್ರೆ ಬೆಳಕು ಐದನೇ ಒಂದು ಪಾಲಿಗಿಂತ ಕಡಿಮೆ. ಒಂದೇ ಐಎಸ್‌ಒದಲ್ಲಿ ಎಫ್‌ಝಡ್200 ಸೆಕೆಂಡಿನ 1/500ರಲ್ಲಿ ತೆಗೆಯೋ ಫೋಟೋಗೆ ಇದಕ್ಕೆ ಸುಮಾರು 1/90 ಬೇಕು. ಅಷ್ಟರಲ್ಲಿ ಮಿಂಚುಳ್ಳಿ ತಲೆ ತಿರುಗಿಸಿಯೇ ಬಿಟ್ಟಿರತ್ತೆ.

(6/7)
ಇನ್ನೊಂದು ದಾರಿಯೂ ಇತ್ತು: ಝೂಮ್ ಬಿಟ್ಟು ಸೆನ್ಸರ್ ದೊಡ್ಡದು ಮಾಡೋದು. 2013ರ ಸೋನಿ ಆರ್‌ಎಕ್ಸ್10, 2014ರ ಪ್ಯಾನಸೋನಿಕ್ ಎಫ್‌ಝಡ್1000 ಇವುಗಳಲ್ಲಿ 'ಒಂದು ಇಂಚು' ಸೆನ್ಸರ್, 13.2×8.8 ಮಿ.ಮೀ. ಮಾಮೂಲಿ ಬ್ರಿಡ್ಜ್‌ನ ಸೆನ್ಸರ್ 6.2×4.6. ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. ಬೆಲೆಯೂ ಹಾಗೇ ಮೇಲೆ ಹೋಯ್ತು ಬಿಡಿ.

ಅಷ್ಟರಲ್ಲಿ ಫೋನ್ ಬಂದು ಎಲ್ಲರ ಊಟ ಕಿತ್ಕೊಂಡಿತು. 2010ರಲ್ಲಿ ಜಗತ್ತಿಗೆಲ್ಲ ಸೇರಿ 12 ಕೋಟಿ ಡಿಜಿಟಲ್ ಕ್ಯಾಮೆರಾ ಹೋಗಿದ್ವು. 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಅದಕ್ಕೇ ಇವತ್ತು ಕಡಿಮೆ ಬೆಲೆಯ ಹೊಸ ಬ್ರಿಡ್ಜ್ ಕ್ಯಾಮೆರಾ ಹುಡುಕಿದ್ರೂ ಸಿಗೋದು ಕಷ್ಟ. ಒಳ್ಳೇವು ಇರೋದು ಸೆಕೆಂಡ್ ಹ್ಯಾಂಡ್‌ನಲ್ಲಿ.

(7/7)
ಈಗ ಉತ್ತರ. ಮಗಾ, ನೀನು ಹಕ್ಕಿ ನೋಡೋದು ಅಡಿಕೆ ತೋಟದ ನೆರಳಲ್ಲಿ, ಬೆಳಗ್ಗೆ ಮತ್ತು ಸಂಜೆ. ನಿನಗೆ 24 ಎಕ್ಸ್ ಸಾಕು, ಎಫ್ 2.8 ಬೇಕು. ಕೆರೆ ಏರಿ ಮೇಲೆ ಬಿಸಿಲಲ್ಲಿ ನಿಂತು ದೂರದ ಬಾತುಕೋಳಿ ತೆಗೆಯೋರಿಗೆ, ಚಂದ್ರನ ಹುಚ್ಚು ಇರೋರಿಗೆ 83 ಎಕ್ಸ್ ಸರಿ. ಎಫ್‌ಝಡ್200 ರಾ ಫೈಲ್ ಕೊಡತ್ತೆ, ಪಿ900 ಕೊಡಲ್ಲ. ಎಡಿಟಿಂಗ್ ಕಲಿಯೋ ಆಸೆ ಇದ್ರೆ ಅದೂ ಲೆಕ್ಕಕ್ಕೆ.

ದುಡ್ಡು ಕೊಡೋ ಮುಂಚೆ ಇಷ್ಟು ನೋಡು:
• ಝೂಮ್ ಪೂರ್ತಿ ಚಾಚಿ, ಒಳಗೆಳೆದು ನೋಡು. ಕರಕರ ಸದ್ದು ಬಂದ್ರೆ ಬೇಡ. ಈ ಜಾತಿಯಲ್ಲಿ ಲೆನ್ಸ್ ಕೆಟ್ಟರೆ ಕ್ಯಾಮೆರಾನೇ ಕೆಟ್ಟ ಹಾಗೆ.
• ಟಾರ್ಚ್ ಬಿಟ್ಟು ಲೆನ್ಸ್ ಒಳಗೆ ನೋಡು. ಜೇಡರ ಬಲೆಯಂಥ ಎಳೆ ಕಂಡ್ರೆ ಅದು ಫಂಗಸ್.
• ಬಿಳಿ ಗೋಡೆ ಫೋಟೋ ತೆಗಿ. ಎಲ್ಲಾ ಫೋಟೋದಲ್ಲೂ ಒಂದೇ ಜಾಗದಲ್ಲಿ ಕಲೆ ಇದ್ರೆ ಒಳಗೆ ಧೂಳು ಸೇರಿದೆ.
• ಬ್ಯಾಟರಿ, ಚಾರ್ಜರ್ ಈಗಲೂ ಸಿಗತ್ತಾ ಅಂತ ವಿಚಾರಿಸು.

ನಿಮ್ಮೂರ ಮಳೆಗೆ ಗಾಳಿ ಆಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಕಡ್ಡಾಯ. ಉಳಿದ ದುಡ್ಡಲ್ಲಿ ಅದನ್ನೇ ಮೊದಲು ತಗೋ.

ನಿಮ್ಮನೇಲಿ ಹಳೇ ಬ್ರಿಡ್ಜ್ ಕ್ಯಾಮೆರಾ ಯಾವುದಾದ್ರೂ ಬೀರುವಲ್ಲಿ ಮಲಗಿದ್ಯಾ? ಮಾಡೆಲ್ ಹೆಸರು ಕಮೆಂಟ್‌ನಲ್ಲಿ ಹಾಕಿ, ಅದರ ಕಥೆ ಮುಂದಿನ ಸಲ ನೋಡೋಣ.

#ಕ್ಯಾಮೆರಾಕಥೆ #ಬ್ರಿಡ್ಜ್‌ಕ್ಯಾಮೆರಾ