ಕೋಲಾರದ ಪಾಳೆಯದಲ್ಲಿ ಮಿತ್ರರು

ಕೋಲಾರದ ಇತಿಹಾಸವೆಂದರೆ ನಮಗೆ ಗಂಗರು, ಕೋಲಾರಮ್ಮನ ಗುಡಿ, ಆಮೇಲೆ ನೇರವಾಗಿ ಚಿನ್ನದ ಗಣಿ. ನಡುವಿನ 1768ನೇ ಇಸವಿಯ ಮಾತೆತ್ತುವವರು ಕಡಿಮೆ. ನನಗೆ ಮಾತ್ರ ಆ ಒಂದು ವರ್ಷದ ಮೇಲೆ ತೀರದ ಕುತೂಹಲ. ಆಗ ಮಿತ್ರಪಕ್ಷಗಳ ನಾಯಕರು ಇದೇ ಬಯಲುಸೀಮೆಯಲ್ಲಿ ಡೇರೆ ಹೊಡೆದು, ಇನ್ನೂ ಕೈಗೆ ಬಾರದ ನಾಡನ್ನು ಹಂಚಿಕೊಳ್ಳುತ್ತಿದ್ದರು.

ಹಂಚಿಕೆಯ ಕಾಗದ ಆ ಫೆಬ್ರವರಿಯಲ್ಲೇ ಸಿದ್ಧವಾಗಿತ್ತು. ಹಿಂದಿನ ವರ್ಷ ಹೈದರನ ಜೊತೆಗಿದ್ದ ನಿಜಾಮ ಪಕ್ಷ ಬದಲಿಸಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡಿದ್ದ. ಹೈದರನ ಸೀಮೆಯ ದಿವಾನಿ ಕಂಪನಿಗೆ, ವರ್ಷಕ್ಕೆ 7 ಲಕ್ಷ ರೂಪಾಯಿ ನಿಜಾಮನಿಗೆ. ಕರ್ನಲ್ ಸ್ಮಿತ್‌ನ ಸೇನೆ ಘಟ್ಟ ಹತ್ತಿ ಮುಳಬಾಗಿಲು, ಕೋಲಾರಗಳನ್ನು ಹಿಡಿಯಿತು. ಹೈದರ್ ಹುಟ್ಟಿದ್ದು ಬೂದಿಕೋಟೆಯಲ್ಲಿ, ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿ. ಹೋದದ್ದು ಬರೀ ಎರಡು ಕೋಟೆಯಲ್ಲ.

ಸೇನೆಯ ಜೊತೆಗೇ ಆರ್ಕಾಟಿನ ನವಾಬ ಮಹಮ್ಮದ್ ಅಲಿ ಬಂದ. ದಂಡಿಗೆ ದವಸ ಒದಗಿಸುತ್ತೇನೆಂದವನು ಅವನೇ. ಅದು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಸ್ಮಿತ್‌ನ ಮೇಲೆ ಕಣ್ಣಿಡಲು ಮದ್ರಾಸಿನ ಕೌನ್ಸಿಲ್ ಇಬ್ಬರು ಸದಸ್ಯರನ್ನು ಕಳಿಸಿತು. ಆಗಸ್ಟಿನಲ್ಲಿ ಗುತ್ತಿಯ ಮುರಾರಿರಾಯ ಹೊಸಕೋಟೆಯ ಬಳಿ ಸೇರಿಕೊಂಡ. ದಂಡನಾಯಕ ಒಬ್ಬ, ಅಪ್ಪಣೆ ಕೊಡುವವರು ಹಲವರು.

ಹೈದರ್ ಸಂಧಿಗೆ ಕೈ ಚಾಚಿದ್ದು ಆಗಲೇ. ಬಾರಾಮಹಲ್ ಬಿಟ್ಟುಕೊಡುತ್ತೇನೆ, 10 ಲಕ್ಷ ರೂಪಾಯಿ ಕೊಡುತ್ತೇನೆ ಎಂದ. ಸಣ್ಣ ಮಾತಲ್ಲ ಅದು. ಆದರೆ ಮಿತ್ರರ ಪಟ್ಟಿ ಉದ್ದವಿತ್ತು: ಕಂಪನಿಗೆ ಯುದ್ಧದ ಖರ್ಚು, ನವಾಬನಿಗೆ ಪಾಲು, ನಿಜಾಮನಿಗೆ, ಮುರಾರಿರಾಯನಿಗೂ ಪಾಲು. ಮಾತುಕತೆ ಮುರಿಯಿತು. ಅದನ್ನು ಮುರಿದದ್ದು ಹೈದರನ ಹಟವಲ್ಲ, ಮಿತ್ರರ ನಡುವಣ ಲೆಕ್ಕಾಚಾರ ಎಂದೇ ನನ್ನ ಎಣಿಕೆ. ಯಾರ ಪಾಲು ಕಡಿಮೆಯಾದರೂ ಮೈತ್ರಿ ಉಳಿಯುತ್ತಿರಲಿಲ್ಲ.

ಮುಳಬಾಗಿಲಿನಲ್ಲಿ ಆದದ್ದು ಇದೇ ಕಥೆಯ ಇನ್ನೊಂದು ಮುಖ. ಅಲ್ಲಿದ್ದ ಸ್ಮಿತ್‌ನ ಕಾವಲನ್ನು ತೆಗೆದು ನವಾಬನ ಜನರನ್ನು ಇಟ್ಟಿದ್ದರು. ಕಿಲ್ಲೇದಾರ ಕೋಟೆಯನ್ನು ಹೈದರನಿಗೆ ಒಪ್ಪಿಸಿಬಿಟ್ಟ. ಅಕ್ಟೋಬರ್ 4ರಂದು ಮರಳಿ ಹಿಡಿಯಲು ಹೋದ ಕರ್ನಲ್ ವುಡ್ ಬಂಡೆಗಳ ನಡುವೆ ಸಿಕ್ಕಿಬಿದ್ದ. ಕ್ಯಾಪ್ಟನ್ ಬ್ರೂಕ್ ಬೆರಳೆಣಿಕೆಯ ಜನರೊಡನೆ ದಿಬ್ಬದ ಮೇಲಿಂದ ಫಿರಂಗಿ ಹಾರಿಸಿ, 'ಸ್ಮಿತ್! ಸ್ಮಿತ್!' ಎಂದು ಕೂಗಿಸಿದ. ದೊಡ್ಡ ದಂಡು ಬಂತೆಂದು ಹೈದರನ ಸೇನೆ ಕ್ಷಣ ಹಿಂಜರಿಯಿತು, ವುಡ್ ಬದುಕಿಕೊಂಡ.

ನವೆಂಬರಿನಲ್ಲಿ ನವಾಬನೂ ಕೌನ್ಸಿಲ್ ಸದಸ್ಯರೂ ಮದ್ರಾಸಿಗೆ ಮರಳಿದರು. 1769ರ ಮಾರ್ಚಿನಲ್ಲಿ ಹೈದರನೇ ಮದ್ರಾಸಿನ ಹೊಸ್ತಿಲಿಗೆ ಹೋಗಿ ನಿಂತ. ಏಪ್ರಿಲ್ ಒಪ್ಪಂದದಂತೆ ಗೆದ್ದ ನೆಲ ಪರಸ್ಪರ ವಾಪಸು. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕು. ನಿನ್ನೆಯ ವೈರಿಗಳು ಈಗ ಮಿತ್ರರು! ಮರುವರ್ಷ ಮಾಧವರಾವ್ ಪೇಶ್ವೆಯ ಮರಾಠಾ ಸೇನೆ ಕೋಲಾರವನ್ನೂ ಹಿಡಿಯಿತು. ಹೈದರ್ ನೆರವು ಕೇಳಿದ. ಮದ್ರಾಸಿನಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಅದನ್ನು ಅವನು ಮರೆಯಲೂ ಇಲ್ಲ, 1780ರಲ್ಲಿ ಆರ್ಕಾಟಿನ ಮೇಲೆ ಬಿದ್ದ.

ಆ ಯುದ್ಧದ ನಡುವೆಯೇ, 1782ರ ಡಿಸೆಂಬರಿನಲ್ಲಿ, ಚಿತ್ತೂರಿನ ಬಳಿ ತೀರಿಕೊಂಡ. ಶ್ರೀರಂಗಪಟ್ಟಣಕ್ಕೆ ಒಯ್ಯುವ ಮೊದಲು ಅವನ ದೇಹವನ್ನು ಕೋಲಾರದಲ್ಲಿ, ತಂದೆಯ ಗೋರಿಯ ಬಳಿ ಇರಿಸಿದ್ದರು.