ಟಕುಗಾಮಾದ ಗೇಟು ಮುಚ್ಚಿದ ಕತೆ

2025ರ ಮೇ ತಿಂಗಳ ಕೊನೆಯಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ ಒಂದು ವಿಚಿತ್ರ ಮುಷ್ಕರ ಶುರುವಾಯಿತು. ದೇಶದ ಅತಿ ಹೆಸರುವಾಸಿ ಪ್ರವಾಸಿ ತಾಣಗಳಲ್ಲಿ ಒಂದಾದ ಟಕುಗಾಮಾ ಚಿಂಪಾಂಜಿ ಆಶ್ರಯಧಾಮದವರು ತಮ್ಮ ಗೇಟನ್ನು ತಾವೇ ಮುಚ್ಚಿದರು. ಟಿಕೆಟ್ ಹಣ ಬೇಡ, ಮೊದಲು ಸುತ್ತಲಿನ ಕಾಡು ಕಡಿಯುವುದನ್ನು ನಿಲ್ಲಿಸಿ ಎಂದು ಸರ್ಕಾರಕ್ಕೆ ಹೇಳಿದರು. ನಮ್ಮ ಬಳಗದಲ್ಲಿ ಯಾರೂ ಆಫ್ರಿಕಾ ನೋಡಿದವರಲ್ಲ. ಆದರೆ ಆ ಸುದ್ದಿ ಓದಿದ ಮೇಲೆ ಈ ಜಾಗ ಹುಟ್ಟಿದ್ದು ಹೇಗೆ ಎಂದು ಹುಡುಕುತ್ತಾ ಹೋದೆವು.

ಮೊದಲಿಗೆ ಒಂದು ಮಾತು. ಚಿಂಪಾಂಜಿ ನಮ್ಮೂರಿನ ಮಂಗನಂತಲ್ಲ. ಬಾಲವಿಲ್ಲ, ಗಾತ್ರದಲ್ಲಿ ದೊಡ್ಡದು, ಮೈಯಲ್ಲಿ ಮನುಷ್ಯನಿಗಿಂತ ಹೆಚ್ಚು ಬಲ. ಮೈಸೂರು ಮೃಗಾಲಯದಲ್ಲಿ ನೋಡಿದವರಿಗೆ ಗೊತ್ತು. ತಾಯಿ ನಾಲ್ಕೈದು ವರ್ಷಕ್ಕೊಂದು ಮರಿ ಹಾಕುತ್ತದೆ, ಮರಿ ಅಷ್ಟೂ ಕಾಲ ಅವಳಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಮರಿ ಬೇಕೆಂದರೆ ತಾಯಿಯನ್ನು ಕೊಲ್ಲಲೇಬೇಕು. ಅಡ್ಡ ಬಂದರೆ ಗುಂಪಿನ ಬೇರೆ ಚಿಂಪಾಂಜಿಗಳೂ ಸಾಯುತ್ತವೆ. ಸಂತೆಯಲ್ಲಿ ಒಂದು ಮರಿ ಮಾರಾಟಕ್ಕೆ ಬಂದಿದೆ ಎಂದರೆ ಅದರ ಹಿಂದೆ ಕಾಡಿನಲ್ಲಿ ಇಷ್ಟೆಲ್ಲ ನಡೆದಿರುತ್ತದೆ. 1970ರ ದಶಕದಲ್ಲಿ ಸಿಯೆರಾ ಲಿಯೋನ್‌ನಿಂದ ಹೀಗೆ ಹಿಡಿದ ಮರಿಗಳು ವಿದೇಶದ ಪ್ರಯೋಗಾಲಯಗಳಿಗೆ ಹೋಗುತ್ತಿದ್ದವು. ರಫ್ತು ನಿಂತ ಮೇಲೂ ಮಾಂಸದ ಬೇಟೆ ನಿಲ್ಲಲಿಲ್ಲ, ಮನೆಯಲ್ಲಿ ಸಾಕುವ ಶೋಕಿಯೂ ನಿಲ್ಲಲಿಲ್ಲ.

ಅಂಥ ಒಂದು ಮರಿಯನ್ನು 1988ರಲ್ಲಿ ರಾಜಧಾನಿ ಫ್ರೀಟೌನ್‌ನಿಂದ ದೂರದ ಹಳ್ಳಿಯೊಂದರಲ್ಲಿ ಬಾಲಾ ಅಮರಸೇಕರನ್ ಮತ್ತು ಅವರ ಹೆಂಡತಿ ಶರ್ಮಿಳಾ ಕಂಡರು. ಬಾಲಾ ಶ್ರೀಲಂಕಾ ಮೂಲದವರು, ಕೆಲಸ ಲೆಕ್ಕಪತ್ರ ನೋಡುವುದು. ಪ್ರಾಣಿಶಾಸ್ತ್ರ ಓದಿದವರೇನಲ್ಲ. ಮರಿ ಬಡಕಲಾಗಿತ್ತು, ಬಿಟ್ಟು ಹೋದರೆ ಸಾಯುತ್ತದೆ ಎನಿಸಿ ಹಣ ಕೊಟ್ಟು ಕೊಂಡರು. ಆಗ ಸುದ್ದಿಯಲ್ಲಿದ್ದ ಬ್ರಿಟಿಷ್ ಬಾಕ್ಸರ್ ಫ್ರಾಂಕ್ ಬ್ರೂನೋ ಹೆಸರನ್ನೇ ಅದಕ್ಕೂ ಇಟ್ಟರು. ಹೀಗೆ ಹಣ ಕೊಟ್ಟು ಬಿಡಿಸಿದರೆ ಬೇಟೆಗಾರನಿಗೆ ಇನ್ನೊಂದು ಗಿರಾಕಿ ಸಿಕ್ಕಂತೆ. ಇವತ್ತು ಆಶ್ರಯಧಾಮಗಳು ಮರಿಗಳನ್ನು ಕೊಳ್ಳುವುದಿಲ್ಲ. ಆದರೆ ಕಣ್ಣೆದುರು ಸಾಯುತ್ತಿರುವ ಮರಿ ಇದ್ದಾಗ ನಾವಾದರೂ ಏನು ಮಾಡುತ್ತಿದ್ದೆವೋ.

ಬ್ರೂನೋ ಹಿಂದೆ ಬೇರೆ ಮರಿಗಳೂ ಆ ಮನೆ ಸೇರಿದವು. ಚಿಂಪಾಂಜಿ ವಿಜ್ಞಾನಿ ಜೇನ್ ಗುಡಾಲ್ ಫ್ರೀಟೌನ್‌ಗೆ ಬಂದಾಗ ಬಾಲಾ ಅವರ ಸಲಹೆ ಕೇಳಿದರು. ಆಶ್ರಯಧಾಮದ ಯೋಚನೆ ಗಟ್ಟಿಯಾಗಿದ್ದು ಆಗ. 1995ರಲ್ಲಿ ಊರ ಹೊರಗಿನ ಗುಡ್ಡದ ಕಾಡಿನಲ್ಲಿ, ರೀಜೆಂಟ್ ಎಂಬ ಹಳ್ಳಿಯ ಹತ್ತಿರ, ಸರ್ಕಾರ ಕೊಟ್ಟ ಸುಮಾರು 100 ಎಕರೆಯಲ್ಲಿ ಟಕುಗಾಮಾ ಶುರುವಾಯಿತು.

ಸಮಯ ಮಾತ್ರ ಕೆಟ್ಟದ್ದು. 1991ರಿಂದ 2002ರವರೆಗೆ ಆ ದೇಶದಲ್ಲಿ ಅಂತರ್ಯುದ್ಧ. 1999ರ ಜನವರಿಯಲ್ಲಿ ಬಂಡುಕೋರರು ಫ್ರೀಟೌನ್‌ಗೇ ನುಗ್ಗಿದರು. ಜನರಿಗೇ ಅನ್ನವಿಲ್ಲದ ಆ ದಿನಗಳಲ್ಲೂ ಹಳ್ಳಿಯ ಕೆಲಸಗಾರರು ಗುಡ್ಡ ಹತ್ತಿ ಚಿಂಪಾಂಜಿಗಳಿಗೆ ಆಹಾರ ಮುಟ್ಟಿಸಿದರು. ನಮಗೆ ಇಡೀ ಕತೆಯಲ್ಲಿ ದೊಡ್ಡದಾಗಿ ಕಾಣುವುದು ಇದೇ.

2006ರ ಏಪ್ರಿಲ್‌ನಲ್ಲಿ ಬೇರೆ ಥರದ ಪೆಟ್ಟು ಬಿತ್ತು. ಅಷ್ಟರಲ್ಲಿ ಗುಂಪಿನ ಯಜಮಾನನಾಗಿ ಬೆಳೆದಿದ್ದ ಬ್ರೂನೋ ಜೊತೆ 31 ಚಿಂಪಾಂಜಿಗಳು ಆವರಣದಿಂದ ತಪ್ಪಿಸಿಕೊಂಡವು. ದಾರಿಯಲ್ಲಿ ಕಾರಿನಲ್ಲಿ ಬರುತ್ತಿದ್ದವರ ಮೇಲೆ ಬಿದ್ದವು. ಸ್ಥಳೀಯ ಚಾಲಕರೊಬ್ಬರು ಸತ್ತರು. ಮನುಷ್ಯರ ಕೈಯಲ್ಲಿ ಬೆಳೆದ ಚಿಂಪಾಂಜಿಗೆ ಮನುಷ್ಯನ ಹೆದರಿಕೆ ಇರುವುದಿಲ್ಲ, ಅಪಾಯ ಇರುವುದು ಅಲ್ಲೇ. ಹಾಗೆಂದು ದೂರದ ಕಾಡಿಗೆ ಬಿಡೋಣವೆಂದರೆ ಅಲ್ಲಿರುವ ಗುಂಪು ಹೊಸಬರನ್ನು ಕೊಲ್ಲಬಹುದು. ಆದ್ದರಿಂದ ಹೆಚ್ಚಿನವು ಜೀವನಪೂರ್ತಿ ವಿದ್ಯುತ್ ಬೇಲಿಯ ಒಳಗಿನ ಕಾಡಿನಲ್ಲೇ ಇರಬೇಕು, ಐವತ್ತು ವರ್ಷವಾದರೂ ಸರಿ. ಓಡಿಹೋದ 31ರಲ್ಲಿ 27 ವಾಪಸ್ಸಾದವು. ಬ್ರೂನೋ ಬರಲೇ ಇಲ್ಲ.

ಆಮೇಲೆ ಬೇಲಿ ಗಟ್ಟಿಯಾಯಿತು, ಪ್ರವಾಸಿಗರು ಮತ್ತೆ ಬಂದರು. ಗೈಡ್ ಜೊತೆ ನಡೆದು, ದೂರದಿಂದ ನೋಡಿ ಬರುವುದು ಅಷ್ಟೇ. ಮುಟ್ಟುವಂತಿಲ್ಲ, ಏಕೆಂದರೆ ನಮ್ಮ ನೆಗಡಿಯೂ ಅವಕ್ಕೆ ಪ್ರಾಣಕ್ಕೆ ಕುತ್ತು. 2019ರಲ್ಲಿ ಸಿಯೆರಾ ಲಿಯೋನ್ ಚಿಂಪಾಂಜಿಯನ್ನು ರಾಷ್ಟ್ರೀಯ ಪ್ರಾಣಿ ಎಂದು ಸಾರಿತು. ಹಿಂದಿನ ಗಣತಿಯ ಪ್ರಕಾರ ಆ ದೇಶದ ಕಾಡುಗಳಲ್ಲಿದ್ದದ್ದು ಸುಮಾರು 5,500. ಅವುಗಳಲ್ಲಿ ಬಹಳಷ್ಟು ಹಳ್ಳಿಗಳ ಹೊಲದಂಚಿನಲ್ಲೇ ಬದುಕುತ್ತವೆ, ಮಾವು, ತಾಳೆ ಹಣ್ಣಿಗೆ ಕೈಹಾಕುತ್ತವೆ. ತೋಟಕ್ಕೆ ನುಗ್ಗುವ ಪ್ರಾಣಿಯ ಜೊತೆ ಬಾಳುವ ಕಷ್ಟವನ್ನು ನಿಮಗೆ ನಾವು ವಿವರಿಸಬೇಕಿಲ್ಲ. ಟಕುಗಾಮಾದವರು ಇಂಥ ಹಳ್ಳಿಗಳಲ್ಲೂ ಕೆಲಸ ಮಾಡುತ್ತಾರೆ.

ಆದರೆ ರಾಜಧಾನಿ ಬೆಳೆಯುತ್ತಾ ಗುಡ್ಡ ಹತ್ತಿತು. ಯುದ್ಧದಲ್ಲಿ ಊರು ಬಿಟ್ಟು ಬಂದ ಬಡವರೂ ಅಲ್ಲಿ ಮನೆ ಕಟ್ಟಿದರು, ಭೂಮಿ ದಂಧೆಯವರೂ ಬಂದರು. ಫ್ರೀಟೌನ್‌ಗೆ ಕುಡಿಯುವ ನೀರು ಕೊಡುವ ಗೂಮಾ ಅಣೆಕಟ್ಟು ಇರುವುದು ಇದೇ ಕಾಡಿನಲ್ಲಿ. 2017ರ ಆಗಸ್ಟ್ 14ರಂದು ಜೋರು ಮಳೆಗೆ ರೀಜೆಂಟ್ ಬಳಿಯ ಗುಡ್ಡ ಕುಸಿದು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಗುಡ್ಡ ಬೋಳಾಗಿದ್ದೂ ಅದಕ್ಕೊಂದು ಕಾರಣ ಎಂದರು. ಅದಾದ ಮೇಲೂ ಕಡಿಯುವುದು ನಿಲ್ಲಲಿಲ್ಲ, ಆಶ್ರಯಧಾಮದ ಬೇಲಿಯ ಹತ್ತಿರಕ್ಕೇ ಬಂತು.

ಗೇಟು ಮುಚ್ಚಿದ ದಿನ ಒಳಗೆ ನೂರಕ್ಕೂ ಹೆಚ್ಚು ಚಿಂಪಾಂಜಿಗಳಿದ್ದವು. ಪ್ರವಾಸಿಗರ ದುಡ್ಡು ನಿಂತರೂ ಮರುದಿನ ಬೆಳಿಗ್ಗೆ ಅವಕ್ಕೆಲ್ಲ ಊಟ ಹಾಕಲೇಬೇಕಿತ್ತು.